ಗೊಂಬೆ ಅಂಗಡಿಯಿಂದ ಪ್ರೀಮಿಯರ್ ಕುರ್ಚಿಗೆ: ಹೆನ್ರಿ ಪಾರ್ಕ್ಸ್ ಮೇಲೇರಿದ್ದು ಹೇಗೆ?

ಮಗಳ ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡುವುದಕ್ಕೋ ಸಿಡ್ನಿಗೆ ಹೋಗಿಬಂದವರಲ್ಲಿ ಅನೇಕರು ಸೆಂಟೆನಿಯಲ್ ಪಾರ್ಕಿನಲ್ಲಿ ಒಂದು ಸುತ್ತು ಹಾಕಿರುತ್ತಾರೆ. ಅಲ್ಲಿ ಉದ್ದ ಗಡ್ಡದ ಮುದುಕನೊಬ್ಬನ ಪ್ರತಿಮೆಯಿದೆ. ಅದೇ ರಾಜ್ಯದ ಒಳನಾಡಿನಲ್ಲಿ ಅವನ ಹೆಸರಿನ ಊರೊಂದಿದೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ನಡೆದಾಗ ಆ ಚಿತ್ರಗಳನ್ನು ಹಿಡಿದ 64 ಮೀಟರ್ ಅಗಲದ ರೇಡಿಯೊ ದೂರದರ್ಶಕ ಇರುವುದು ಆ ಊರಿನ ಹತ್ತಿರ. ಕ್ಯಾನ್‌ಬೆರಾದಲ್ಲಿ ಹಳೆಯ ಸಂಸತ್ ಭವನವಿರುವ ಬಡಾವಣೆಗೂ ಅವನದೇ ಹೆಸರು. ಹೆನ್ರಿ ಪಾರ್ಕ್ಸ್. ಅಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆರನೇ ತರಗತಿಯಲ್ಲಿ ಆಸ್ಟ್ರೇಲಿಯಾದ ಒಕ್ಕೂಟದ ಪಾಠ ಬಂದಾಗ ಈ ಹೆಸರೂ ಬರುತ್ತದೆ.

ಪಾಠದಲ್ಲಿ ಅವನನ್ನು ‘ಒಕ್ಕೂಟದ ಪಿತಾಮಹ’ ಅನ್ನುತ್ತಾರೆ. ಆದರೆ ಕಾಲೇಜು ಇರಲಿ, ಸರಿಯಾಗಿ ಶಾಲೆಯನ್ನೇ ಕಾಣದ, ಗೊಂಬೆ ಮಾರುತ್ತಿದ್ದ, ಮೂರು ಸಲ ಪಾಪರ್ ಆದ ವಲಸಿಗನೊಬ್ಬ ಐದು ಸಲ ಸರ್ಕಾರದ ಮುಖ್ಯಸ್ಥನಾದದ್ದು ಹೇಗೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಅವನ ಸ್ವಭಾವ, ಮಾತುಗಾರಿಕೆ ಎಲ್ಲ ಸರಿ. ಅಷ್ಟರಿಂದಲೇ ಉತ್ತರ ಸಿಗುವುದಿಲ್ಲ. ಆ ಕಾಲದ ವಲಸೆ, ವೋಟು, ಸಾಲ ಇವುಗಳ ನಿಯಮ ತಿಳಿದರೆ ಮಾತ್ರ ಈ ಬದುಕು ಅರ್ಥವಾಗುತ್ತದೆ.

ಮೊದಲಿಗೆ, ‘ವಸಾಹತು’ ಅಂದರೆ ಏನು?

1901ರ ಜನವರಿ 1ಕ್ಕೆ ಮೊದಲು ಆಸ್ಟ್ರೇಲಿಯಾ ಎಂಬ ದೇಶವೇ ಇರಲಿಲ್ಲ. ಅಲ್ಲಿದ್ದದ್ದು ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಕ್ವೀನ್ಸ್‌ಲ್ಯಾಂಡ್, ದಕ್ಷಿಣ ಆಸ್ಟ್ರೇಲಿಯಾ, ಪಶ್ಚಿಮ ಆಸ್ಟ್ರೇಲಿಯಾ, ಟಾಸ್ಮೇನಿಯಾ ಎಂಬ ಆರು ಬ್ರಿಟಿಷ್ ವಸಾಹತುಗಳು, ಅಂದರೆ ಬ್ರಿಟನ್ನಿನ ಅಧೀನದ ಬೇರೆಬೇರೆ ಪ್ರಾಂತಗಳು. ಆ ದಿನ ಇವೆಲ್ಲ ಸೇರಿ ಒಂದೇ ದೇಶವಾದದ್ದೇ ಒಕ್ಕೂಟ. ಒಂದೊಂದಕ್ಕೂ ಲಂಡನ್ನಿನಿಂದ ಬಂದ ಗವರ್ನರ್. ಆ ನೆಲದ ಮೂಲ ಜನರಿಗೆ ಇದರಲ್ಲಿ ಯಾವ ಮಾತೂ ಇರಲಿಲ್ಲ. ಅವರ ಭೂಮಿಯನ್ನು ‘ಸರ್ಕಾರದ ಜಮೀನು’ ಎಂದು ಬರೆದುಕೊಂಡೇ ಮುಂದಿನ ಕತೆಯೆಲ್ಲ ನಡೆದದ್ದು.

ಪಾರ್ಕ್ಸ್ ಬದುಕಿದ್ದು ನ್ಯೂ ಸೌತ್ ವೇಲ್ಸ್‌ನಲ್ಲಿ. ಅಲ್ಲಿ ಅಧಿಕಾರ ಹಂತಹಂತವಾಗಿ ಕೈ ಬದಲಾಯಿಸಿತು. 1843ರಲ್ಲಿ ಮೊದಲ ಚುನಾವಣೆ. ಶಾಸನ ಪರಿಷತ್ತಿನ 36 ಸ್ಥಾನಗಳಲ್ಲಿ 24ಕ್ಕೆ ಆಯ್ಕೆ, 12ಕ್ಕೆ ನೇಮಕ. ಸದಸ್ಯರು ವಾದಿಸಬಹುದಿತ್ತು, ಗವರ್ನರನ ಆಡಳಿತವನ್ನು ಕೆಳಗಿಳಿಸುವಂತಿರಲಿಲ್ಲ. ನಮ್ಮ ಮೈಸೂರು ಪ್ರಜಾಪ್ರತಿನಿಧಿ ಸಭೆ 1881ರಲ್ಲಿ ಶುರುವಾದಾಗ ಅಹವಾಲು ಹೇಳಬಹುದಿತ್ತು, ದಿವಾನರನ್ನು ಬದಲಿಸುವ ಹಾಗಿರಲಿಲ್ಲವಲ್ಲ, ಹೆಚ್ಚುಕಡಿಮೆ ಹಾಗೆ. 1856ರಲ್ಲಿ ಅದು ಬದಲಾಯಿತು. ಆಯ್ಕೆಯಾದ ವಿಧಾನಸಭೆಯಲ್ಲಿ ಬಹುಮತ ಇರುವವರೆಗೆ ಮಾತ್ರ ಮಂತ್ರಿಮಂಡಲ ಉಳಿಯಬೇಕು. ಇದನ್ನು ಹೊಣೆಗಾರ ಸರ್ಕಾರ ಅನ್ನುತ್ತಾರೆ. ಅದರ ಮುಖ್ಯಸ್ಥನೇ ಪ್ರೀಮಿಯರ್, ಇವತ್ತಿನ ನಮ್ಮ ಮುಖ್ಯಮಂತ್ರಿಯ ಹಾಗೆ.

ಹಡಗಿನ ಖರ್ಚು ಯಾರದು?

ಪಾರ್ಕ್ಸ್ ಹುಟ್ಟಿದ್ದು 1815ರ ಮೇ 27ರಂದು, ಇಂಗ್ಲೆಂಡಿನ ವಾರ್ವಿಕ್‌ಶೈರ್‌ನಲ್ಲಿ, ಗೇಣಿ ರೈತನ ಮನೆಯಲ್ಲಿ. ಸಾಲ ತೀರಿಸಲಾಗದೆ ಅಪ್ಪ ಜಮೀನು ಬಿಟ್ಟ. ಹುಡುಗ ಹಗ್ಗ ಹೊಸೆಯುವಲ್ಲಿ, ಇಟ್ಟಿಗೆ ಗುಂಡಿಯಲ್ಲಿ ಕೂಲಿ ಮಾಡಿ, ಆಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ದಂತ ಮತ್ತು ಮೂಳೆ ಕಡೆಯುವ ಕಸುಬಿಗೆ ಸೇರಿದ. ಚನ್ನಪಟ್ಟಣದವರು ಆಲೆಮರದ ತುಂಡನ್ನು ಲೇತಿಗೆ ಕಟ್ಟಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ಗೊಂಬೆ ಕಡೆಯುತ್ತಾರಲ್ಲ, ಕೆಲಸದ ರೀತಿ ಅದೇ. ಮರದ ಬದಲು ಆನೆದಂತ. 1836ರಲ್ಲಿ ಕ್ಲಾರಿಂಡಾ ವಾರ್ನಿಯನ್ನು ಮದುವೆಯಾದ. ಸ್ವಂತ ಕಸುಬು ಶುರು ಮಾಡಿ ಕೈಸುಟ್ಟುಕೊಂಡ. ಇಬ್ಬರು ಎಳೆಯ ಮಕ್ಕಳು ತೀರಿಕೊಂಡವು.

ಇಂಥ ಬಡ ದಂಪತಿ ಹಡಗು ಹತ್ತಿದ್ದು ‘ಬೌಂಟಿ’ ಎಂಬ ವ್ಯವಸ್ಥೆಯಿಂದ. ವಸಾಹತು ಸರ್ಕಾರ ಜಮೀನು ಮಾರಿ ಬಂದ ಹಣದಲ್ಲಿ ಒಂದು ಪಾಲನ್ನು ದುಡಿಯುವವರನ್ನು ಕರೆತರಲು ಎತ್ತಿಡುತ್ತಿತ್ತು. ವಯಸ್ಸು, ಕಸುಬು, ನಡತೆ ಸರಿಯಿದೆ ಎಂದು ಸಿಡ್ನಿಯ ಅಧಿಕಾರಿಗಳು ಒಪ್ಪಿದ ಮೇಲೆ, ಕರೆತಂದವರಿಗೆ ತಲೆಗಿಷ್ಟು ಎಂದು ಹಣ. 1835ರ ದರ 30 ವರ್ಷ ಮೀರದ ಗಂಡಹೆಂಡಿರಿಗೆ 30 ಪೌಂಡ್. ಜಮೀನು ಕೊಂಡವರಿಗೆ ಆಳು ಬೇಕು, ಆಳಿಗೆ ಹಡಗಿನ ಖರ್ಚು ಬೇಕು. ಜಮೀನಿನ ದುಡ್ಡೇ ಆಳನ್ನು ತರುತ್ತಿತ್ತು.

1839ರ ಮಾರ್ಚಿನಲ್ಲಿ ಹೊರಟ ಹಡಗು ಜುಲೈ 25ರಂದು ಸಿಡ್ನಿ ಮುಟ್ಟಿತು. ದಡ ಸೇರುವುದಕ್ಕೆ ಎರಡು ದಿನ ಮೊದಲು ಕ್ಲಾರಿಂಡಾಗೆ ಹಡಗಿನಲ್ಲೇ ಹೆರಿಗೆಯಾಗಿತ್ತು. ಗಂಡನ ಜೇಬಿನಲ್ಲಿ ಎರಡು ಮೂರು ಷಿಲಿಂಗ್ (20 ಷಿಲಿಂಗ್ ಸೇರಿದರೆ ಒಂದು ಪೌಂಡ್).

ಬಾಗಿಲ ಹಲಗೆಯ ಮಂಚ

ಕಸುಬುದಾರನಿಗೆ ಕಸುಬಿನ ಕೆಲಸ ಸಿಗಲಿಲ್ಲ. ಪೆನ್ರಿತ್ ಹತ್ತಿರದ ರೀಜೆಂಟ್‌ವಿಲ್ ಎಸ್ಟೇಟಿನಲ್ಲಿ ವರ್ಷಕ್ಕೆ 25 ಪೌಂಡ್ ಸಂಬಳ, ಜೊತೆಗೆ ಪಡಿ ಎಂಬ ಕರಾರಿಗೆ ಕೂಲಿಯಾಗಿ ಸೇರಿದ. ಆ ಪಡಿಯ ಲೆಕ್ಕವನ್ನು ಊರಿಗೆ ಬರೆದ ಪತ್ರದಲ್ಲಿ ಒಂದೊಂದಾಗಿ ಕೊಟ್ಟಿದ್ದಾನೆ. ವಾರಕ್ಕೆ ಹತ್ತೂವರೆ ಪೌಂಡ್, ಅಂದರೆ ಸುಮಾರು 4.8 ಕಿಲೋ ದನದ ಮಾಂಸ, ಅದು ಕೆಲವೊಮ್ಮೆ ತಿನ್ನಲಾಗದ್ದು. ಅಷ್ಟೇ ತೂಕದ ಕಳಪೆ ಅಕ್ಕಿ. ಸುಮಾರು 3 ಕಿಲೋ ಹಿಟ್ಟು, ಅದರಲ್ಲೂ ಅರ್ಧ ಅಕ್ಕಿಹಿಟ್ಟು ಬೆರಕೆ. ಸಕ್ಕರೆ ಒಂದು ಕಿಲೋಗಿಂತ ಸ್ವಲ್ಪ ಕಡಿಮೆ. ಟೀ ಪುಡಿ ಕಾಲು ಪೌಂಡ್, ಸೋಪು ಕಾಲು ಪೌಂಡ್. ಮೊದಲ ನಾಲ್ಕು ತಿಂಗಳು ಮಂಚ ಅಂದರೆ ಅಡ್ಡ ಮರಗಳ ಮೇಲೆ ಇಟ್ಟ ಹಳೆಯ ಬಾಗಿಲು, ಒಂದು ಮರದ ತೊಗಟೆ, ಮೇಲೆ ಹಾಸಲು ತೊಡುವ ಬಟ್ಟೆ. ಬಾಣಂತಿ, ಹಸುಗೂಸು ಮಲಗಿದ್ದು ಅದರ ಮೇಲೆಯೇ. ಪಾರ್ಕ್ಸ್‌ನ ಮುಂದಿನ ಭಾಷಣಗಳನ್ನೆಲ್ಲ ಬದಿಗಿಟ್ಟು ಈ ಪಟ್ಟಿಯೊಂದನ್ನೇ ಓದಿದರೂ ಅವನ ರಾಜಕೀಯ ಎಲ್ಲಿ ಹುಟ್ಟಿತೆಂದು ಗೊತ್ತಾಗುತ್ತದೆ.

ಆರು ತಿಂಗಳಲ್ಲಿ ಸಿಡ್ನಿಗೆ ಮರಳಿ, ಕಬ್ಬಿಣದ ಸಾಮಾನಿನ ಅಂಗಡಿ, ಹಿತ್ತಾಳೆ ಎರಕದ ಕೆಲಸ ಎಂದು ಅಲೆದು, 1840ರಲ್ಲಿ ಸುಂಕದ ಇಲಾಖೆ ಸೇರಿದ. ಬಂದರಿಗೆ ಬಂದ ಹಡಗು ಹತ್ತಿ, ಸುಂಕ ತಪ್ಪಿಸಿ ಸರಕು ಇಳಿಯದಂತೆ ಕಾಯುವುದು ಅವನ ಕೆಲಸ. ಯಾವ ಸರಕು ಎಲ್ಲಿಂದ ಬರುತ್ತದೆ, ಯಾರು ತರಿಸುತ್ತಾರೆ ಎಂಬುದನ್ನು ನೋಡುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹಂಟರ್ ಬೀದಿಯ ಅಂಗಡಿ

1845ರಲ್ಲಿ ಕೆಲಸ ಬಿಟ್ಟು ಸಿಡ್ನಿಯ ಹಂಟರ್ ಸ್ಟ್ರೀಟಿನಲ್ಲಿ ಅಂಗಡಿ ತೆರೆದ. ತಾನೇ ಕಡೆದ ದಂತದ ಸಾಮಾನು, ಅದರ ಜೊತೆಗೆ ಆಟಿಕೆ, ಹೊರಗಿನಿಂದ ತರಿಸಿದ ಫ್ಯಾನ್ಸಿ ಸಾಮಾನು. ವ್ಯಾಪಾರ ಕುದುರಿದ ಹಾಗೆ ಕಂಡಿತು. ಮೇಟ್‌ಲೆಂಡ್ ಮತ್ತು ಗೀಲಾಂಗ್ ಊರುಗಳಲ್ಲಿ ಶಾಖೆ ತೆರೆದ. ಎರಡೂ ಮುಚ್ಚಿದವು.

ಇಲ್ಲಿ ಆದ ತಪ್ಪನ್ನು ಅಂಗಡಿ ನಡೆಸುವ ಯಾರೂ ಗುರುತಿಸಬಲ್ಲರು. ಫ್ಯಾನ್ಸಿ ಸಾಮಾನು ಅಕ್ಕಿ ಬೇಳೆಯಂತಲ್ಲ; ಜನರ ಕೈಯಲ್ಲಿ ಕಾಸಿದ್ದಾಗ ಮಾತ್ರ ಹೋಗುತ್ತದೆ. ಇಂಗ್ಲೆಂಡಿನಿಂದ ಸರಕು ಬರಲು ನಾಲ್ಕು ತಿಂಗಳು, ಬರೆದ ಕಾಗದ ಅಲ್ಲಿಗೆ ಮುಟ್ಟಲು ಇನ್ನಷ್ಟು ತಿಂಗಳು. ಅಷ್ಟು ದಿನ ದುಡ್ಡು ಸಾಲದ ಕಾಗದದಲ್ಲಿ ನಿಂತಿರುತ್ತದೆ. ಅದರ ಮೇಲೆ ಶಾಖೆಗಳ ಬಾಡಿಗೆ, ಆಳಿನ ಸಂಬಳ. ಒಂದು ಅಂಗಡಿಯ ಲಾಭ ಕೈಗೆ ಬರುವ ಮೊದಲೇ ಅದನ್ನು ಎರಡನೆಯದಕ್ಕೆ ಹಾಕುವುದು ಪಾರ್ಕ್ಸ್ ಸಾಯುವವರೆಗೂ ಬಿಡದ ಚಾಳಿ.

ಆದರೆ ಅಂಗಡಿ ಇನ್ನೊಂದು ಬಗೆಯಲ್ಲಿ ಫಲ ಕೊಟ್ಟಿತು. ಹಂಟರ್ ಸ್ಟ್ರೀಟ್ ಊರಿನ ನಡುವೆ ಇತ್ತು. ಕಸುಬುದಾರರು, ಸಣ್ಣ ವ್ಯಾಪಾರಿಗಳು, ಬರಹಗಾರರು ಬಂದು ಕೂತು ಮಾತಾಡುವ ಕಟ್ಟೆ ಅದಾಯಿತು.

ವೋಟು ಯಾರಿಗಿತ್ತು?

1843ರ ಚುನಾವಣೆಯಲ್ಲಿ ವೋಟು ಹಾಕಲು 200 ಪೌಂಡ್ ಬೆಲೆಯ ಸ್ವಂತ ಆಸ್ತಿ ಇರಬೇಕಿತ್ತು, ಇಲ್ಲವೇ ವರ್ಷಕ್ಕೆ 20 ಪೌಂಡ್ ಬಾಡಿಗೆ ಮೌಲ್ಯದ ಮನೆಯಲ್ಲಿ ವಾಸವಿರಬೇಕಿತ್ತು. ಇದು ಗಂಡಸರಿಗೆ ಮಾತ್ರ. ಈ ಎರಡನೆಯ ಷರತ್ತು ಬಹಳ ಮುಖ್ಯ. ರೀಜೆಂಟ್‌ವಿಲ್‌ನ ಕೂಲಿಗೆ ವೋಟಿಲ್ಲ, ಆದರೆ ಸಿಡ್ನಿಯಲ್ಲಿ ಬಾಡಿಗೆ ಅಂಗಡಿ ಇಟ್ಟವನಿಗೆ ಬರುವ ಸಾಧ್ಯತೆ ಇದೆ. ದೊಡ್ಡ ಕುರಿ ಸಾಕಣೆಗಾರರ ಎದುರು ಪೇಟೆಯ ಸಣ್ಣ ಅಂಗಡಿಯವನಿಗೆ ಬಲ ಬಂದದ್ದು ಈ ನಿಯಮದಿಂದ. 1850ರಲ್ಲಿ ಮೊತ್ತ ಅರ್ಧಕ್ಕೆ ಇಳಿದು 100 ಮತ್ತು 10 ಪೌಂಡ್ ಆಯಿತು. 1858ರಲ್ಲಿ ಹೆಚ್ಚುಕಡಿಮೆ ಎಲ್ಲ ವಯಸ್ಕ ಗಂಡಸರಿಗೂ ವೋಟು ಬಂತು, ಜೊತೆಗೆ ಗುಟ್ಟಾಗಿ ಮತ ಹಾಕುವ ಪದ್ಧತಿ. ಅಲ್ಲಿಯವರೆಗೆ ಯಾರಿಗೆ ವೋಟು ಹಾಕಿದೆ ಎಂಬುದು ಗುಟ್ಟಾಗಿರಲಿಲ್ಲ.

ಪಾರ್ಕ್ಸ್ ರಾಜಕೀಯದ ಕೆಲಸ ಕಲಿತದ್ದು 1848ರಲ್ಲಿ, ರಾಬರ್ಟ್ ಲೋ ಎಂಬ ವಕೀಲನನ್ನು ಸಿಡ್ನಿಯಿಂದ ಗೆಲ್ಲಿಸಲು ಓಡಾಡಿದಾಗ. ಮರುವರ್ಷ ಕೈದಿಗಳನ್ನು ಹೊತ್ತ ‘ಹ್ಯಾಶಮಿ’ ಹಡಗು ಬಂತು. ಬ್ರಿಟನ್ ತನ್ನಲ್ಲಿ ಶಿಕ್ಷೆಗೊಳಗಾದವರನ್ನು ಇಲ್ಲಿಗೆ ಸಾಗಿಸುವುದು 1840ರಲ್ಲೇ ನಿಂತಿತ್ತು. ಮತ್ತೆ ಶುರುವಾದರೆ ಸಂಬಳವಿಲ್ಲದ ಕೈದಿಗಳೆದುರು ಕೂಲಿಯವರ ದರ ಕುಸಿಯುತ್ತದೆ ಎಂಬುದು ಪೇಟೆಯವರ ಭಯ. ಜೂನ್ 11ರಂದು ಸುರಿಯುವ ಮಳೆಯಲ್ಲಿ ಬಂದರಿನ ಬಳಿ ಸಾವಿರಾರು ಜನ ಸೇರಿದರು. ಅದರ ಮುಂದಾಳುಗಳಲ್ಲಿ ಗೊಂಬೆ ಅಂಗಡಿಯವನೂ ಒಬ್ಬ.

ಪತ್ರಿಕೆ ಬೆಳೆಸಿತು, ಪತ್ರಿಕೆಯೇ ಮುಳುಗಿಸಿತು

1850ರ ಡಿಸೆಂಬರಿನಲ್ಲಿ ಪಾರ್ಕ್ಸ್ ‘ಎಂಪೈರ್’ ಪತ್ರಿಕೆ ಶುರು ಮಾಡಿದ. ಮುಂದಿನ ವರ್ಷ ಚಿನ್ನ ಸಿಕ್ಕಿತು. ಓದುಗರು ಹೆಚ್ಚಿದರು, ಆದರೆ ಅಚ್ಚುಮೊಳೆ ಜೋಡಿಸುವವರು ಕೆಲಸ ಬಿಟ್ಟು ಚಿನ್ನ ಅಗೆಯಲು ಹೋದರು, ಉಳಿದವರ ಕೂಲಿ ಏರಿತು. ಆಗ ಪಾರ್ಕ್ಸ್ ಮದರಾಸಿನಿಂದ ಬಂದ ಯುರೇಷಿಯನ್ (ಯುರೋಪಿಯನ್ ಮತ್ತು ಭಾರತೀಯ ಮಿಶ್ರ ಮೂಲದ) ಕಂಪೋಸಿಟರ್‌ಗಳನ್ನು ಕೆಲಸಕ್ಕೆ ಇಟ್ಟುಕೊಂಡ. ಮದರಾಸಿನ ಮುದ್ರಣಾಲಯಗಳಲ್ಲಿ ಇಂಗ್ಲಿಷ್ ಮೊಳೆ ಜೋಡಿಸಿ ಪಳಗಿದ ಕೈಗಳು ಸಿಡ್ನಿಯ ಈ ಪತ್ರಿಕೆಗೂ ದುಡಿದವು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ. ಕೈದಿಗಳ ಅಗ್ಗದ ಕೂಲಿಯನ್ನು ವಿರೋಧಿಸಿದವನು ತನ್ನ ಅಚ್ಚುಕೂಟಕ್ಕೆ ಬಂದಾಗ ಕೂಲಿ ಕಡಿಮೆಯಿರುವ ದಾರಿ ಹುಡುಕಿದ ಎಂಬುದನ್ನೂ ಮರೆಯಬಾರದು.

ಪತ್ರಿಕೆಯ ಬಲದಿಂದ 1854ರಲ್ಲಿ ಸಿಡ್ನಿ ನಗರದಿಂದ ಪರಿಷತ್ತಿಗೆ ಆಯ್ಕೆಯಾದ. ಲೆಕ್ಕ ಮಾತ್ರ ಹೊಂದಲಿಲ್ಲ. ಯಂತ್ರ ಸಾಲದ ಮೇಲೆ, ಕಾಗದ ಸಾಲದ ಮೇಲೆ. ಕೂಲಿ ವಾರವಾರ ಕೊಡಬೇಕು, ಚಂದಾ ಮೂರು ತಿಂಗಳಿಗೊಮ್ಮೆ ಬರಬೇಕು. ಈ ಅಂತರ ತುಂಬಲು ಒಂದು ಸಾಲಪತ್ರ ತೀರಿಸಲು ಇನ್ನೊಂದು ಸಾಲಪತ್ರ ಬರೆದುಕೊಡುವುದು. 1858ರ ಆಗಸ್ಟಿನಲ್ಲಿ ಬಾಗಿಲು ಹಾಕಿದಾಗ ಸಾಲ ಸುಮಾರು 50,000 ಪೌಂಡ್. ರೀಜೆಂಟ್‌ವಿಲ್‌ನ ಕೂಲಿಯ ದರದಲ್ಲಿ ಅದು 2,000 ವರ್ಷಗಳ ಸಂಬಳ.

ದಿವಾಳಿಯಾದವನು ಮರಳಿ ಬಂದದ್ದು ಹೇಗೆ?

ದಿವಾಳಿ ಅಂದರೆ ಜೈಲು ಎಂದು ತಿಳಿಯಬೇಡಿ. ಸಾಲಗಾರ ತನ್ನ ಆಸ್ತಿ, ಸಾಲ ಎರಡನ್ನೂ ಪಟ್ಟಿ ಮಾಡಿ ನ್ಯಾಯಾಲಯಕ್ಕೆ ಒಪ್ಪಿಸುತ್ತಾನೆ. ನೇಮಿತ ಅಧಿಕಾರಿ ಇರುವುದನ್ನು ಮಾರಿ ಸಾಲ ಕೊಟ್ಟವರಿಗೆ ಪೌಂಡಿಗಿಷ್ಟು ಎಂದು ಹಂಚುತ್ತಾನೆ. ಮೋಸ ಕಾಣದಿದ್ದರೆ ಬಿಡುಗಡೆಯ ಪತ್ರ ಸಿಗುತ್ತದೆ, ಹೊಸದಾಗಿ ಬದುಕಬಹುದು. ಶಾಸಕನಾಗಿದ್ದರೆ ಸ್ಥಾನ ಬಿಡಬೇಕು. ಆದರೆ ಜನ ಮತ್ತೆ ಆರಿಸಿದರೆ ತಡೆಯಿಲ್ಲ. 1858ರ ಆಗಸ್ಟಿನಲ್ಲಿ ಸ್ಥಾನ ಬಿಟ್ಟ ಪಾರ್ಕ್ಸ್ 1859ರ ಜೂನಿನಲ್ಲಿ ಮರಳಿ ಬಂದ. 1870ರಲ್ಲಿ ಎರಡನೆಯ ಸಲ ಪಾಪರ್ ಆಗಿ ರಾಜೀನಾಮೆ ಕೊಟ್ಟ. 1872ರ ಆರಂಭದಲ್ಲಿ ಮಡ್ಜಿ ಕ್ಷೇತ್ರದಿಂದ ಗೆದ್ದು, ಅದೇ ಮೇ ತಿಂಗಳಲ್ಲಿ ಮೊದಲ ಸಲ ಪ್ರೀಮಿಯರ್ ಆದ!

ಇದು ಸಾಧ್ಯವಾದದ್ದು ಆಗ ಪಕ್ಷಗಳೇ ಇಲ್ಲದ್ದರಿಂದ. ಟಿಕೆಟ್ ಕೊಡುವವರಿಲ್ಲ, ಉಚ್ಚಾಟಿಸುವವರಿಲ್ಲ. ಶಾಸಕರು ಒಬ್ಬೊಬ್ಬ ನಾಯಕನ ಸುತ್ತ ಗುಂಪುಕಟ್ಟುತ್ತಿದ್ದರು. ಸೇತುವೆ, ರಸ್ತೆ, ನೇಮಕಾತಿಗಳ ಮೇಲೆ ಗುಂಪು ಬದಲಾಗುತ್ತಿತ್ತು. ಗುಂಪು ಕಟ್ಟಬಲ್ಲವನು ಬಡವನಾದರೂ ಬೇಕಾದವನೇ.

ಇನ್ನೊಂದು ತೊಡಕಿತ್ತು. ಶಾಸಕರಿಗೆ ಸಂಬಳವೇ ಇರಲಿಲ್ಲ. ವರ್ಷಕ್ಕೆ 300 ಪೌಂಡ್ ಭತ್ಯೆ ಬಂದದ್ದು 1889ರಲ್ಲಿ. ಅದಕ್ಕೇ ಮಂತ್ರಿಗಿರಿಯಲ್ಲಿ ಇಲ್ಲದಾಗಲೆಲ್ಲ ಪಾರ್ಕ್ಸ್ ವ್ಯಾಪಾರಕ್ಕೆ ಕೈಹಾಕಬೇಕಾಯಿತು. 1861ರಲ್ಲಿ ವರ್ಷಕ್ಕೆ 1,000 ಪೌಂಡ್ ಸಂಬಳಕ್ಕೆ ವಲಸಿಗರನ್ನು ಹುರಿದುಂಬಿಸಲು ಇಂಗ್ಲೆಂಡಿಗೆ ಹೋದ. ಮರಳಿ ಬಂದು ಮತ್ತೆ ಫ್ಯಾನ್ಸಿ ಸಾಮಾನು ತರಿಸುವ ವ್ಯಾಪಾರ ಶುರು ಮಾಡಿದ. ರಾಜಕೀಯ ಅವನ ವ್ಯಾಪಾರವನ್ನು ತಿಂದಿತು. 1887ರಲ್ಲಿ, ಪ್ರೀಮಿಯರ್ ಆಗಿರುವಾಗಲೇ, ಮೂರನೆಯ ಸಲ ಕೈ ಬರಿದಾಯಿತು. ಹಿತೈಷಿಗಳು ಚಂದಾ ಎತ್ತಿ ಕೊಟ್ಟರು.

ಶಾಲೆ ಮತ್ತು ಆಸ್ಪತ್ರೆ

ಅವನ ಕೆಲಸಗಳಲ್ಲಿ ಬಾಳಿಕೆ ಬಂದದ್ದು ಶಾಲೆಯ ಕಾನೂನು. 1866ಕ್ಕೆ ಮೊದಲು ಚರ್ಚಿನ ಶಾಲೆಗೊಂದು ಮಂಡಳಿ, ಸರ್ಕಾರಿ ಶಾಲೆಗೊಂದು ಮಂಡಳಿ. ಒಂದೇ ಸಣ್ಣ ಊರಲ್ಲಿ ಎರಡು ಮೂರು ಶಾಲೆ, ಪಕ್ಕದ ಹಳ್ಳಿಗಳಲ್ಲಿ ಒಂದೂ ಇಲ್ಲ. 1866ರ ಕಾನೂನು ಎರಡನ್ನೂ ತೆಗೆದು ಒಂದೇ ಶಿಕ್ಷಣ ಮಂಡಳಿ ಮಾಡಿತು. 25 ಮಕ್ಕಳಿದ್ದರೆ ಸರ್ಕಾರಿ ಶಾಲೆ ತೆರೆಯಬಹುದು. ಅಷ್ಟಿಲ್ಲದ ಕಡೆ ಒಬ್ಬನೇ ಮೇಷ್ಟರು ಎರಡು ಜಾಗಗಳ ನಡುವೆ ಓಡಾಡಿ ಕಲಿಸುವ ಅರ್ಧವೇಳೆ ಶಾಲೆ.

1880ರ ಕಾನೂನು ಇನ್ನೂ ಮುಂದೆ ಹೋಯಿತು. 6ರಿಂದ 14 ವರ್ಷದ ಮಕ್ಕಳು ಆರು ತಿಂಗಳಿಗೆ ಕನಿಷ್ಠ 70 ದಿನ ಶಾಲೆಗೆ ಬರಬೇಕು. ಶುಲ್ಕ ಮಗುವಿಗೆ ವಾರಕ್ಕೆ 3 ಪೆನ್ಸ್, ಮನೆಯಲ್ಲಿ ಎಷ್ಟೇ ಮಕ್ಕಳಿದ್ದರೂ ಒಂದು ಷಿಲಿಂಗ್ (12 ಪೆನ್ಸ್) ಮೀರುವಂತಿಲ್ಲ. ಚರ್ಚ್ ಶಾಲೆಗಳಿಗೆ ಸರ್ಕಾರದ ಹಣ 1882ರ ಕೊನೆಗೆ ನಿಂತಿತು. ಕ್ಯಾಥೊಲಿಕರು ಇದನ್ನು ತಮ್ಮ ಮೇಲಿನ ಏಟೆಂದೇ ಭಾವಿಸಿದರು, ಆ ಕಹಿ ದಶಕಗಟ್ಟಲೆ ಉಳಿಯಿತು. ತಾನು ಎಂಟು ವರ್ಷಕ್ಕೇ ಕೂಲಿಗೆ ಹೋಗಿದ್ದ ಮನುಷ್ಯ 14ರವರೆಗೆ ಮಕ್ಕಳನ್ನು ಶಾಲೆಯಲ್ಲಿ ಇರಿಸಿದ್ದು ಸಣ್ಣ ಮಾತಲ್ಲ.

1866ರ ಕಾನೂನಿನ ಆ ಕಾಲದಲ್ಲೇ ಫ್ಲಾರೆನ್ಸ್ ನೈಟಿಂಗೇಲ್‌ಗೆ ಬರೆದು ತರಬೇತಾದ ದಾದಿಯರನ್ನು ಕೇಳಿದ. 1868ರ ಮಾರ್ಚಿನಲ್ಲಿ ಲೂಸಿ ಆಸ್ಬರ್ನ್ ಮತ್ತು ಐವರು ಬಂದಿಳಿದರು. ಸಿಡ್ನಿಯ ಆಸ್ಪತ್ರೆಯಲ್ಲಿ ಶುಶ್ರೂಷೆ ಒಂದು ಕಲಿತ ಕಸುಬಾದದ್ದು ಅಲ್ಲಿಂದ.

ಆರು ವಸಾಹತುಗಳು ಒಂದಾಗಬೇಕೆಂದದ್ದು ಏಕೆ?

ಜಿಎಸ್‌ಟಿಗೆ ಮೊದಲು ರಾಜ್ಯದ ಗಡಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನೆನಪಿಸಿಕೊಳ್ಳಿ. ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ನಡುವೆ ಅಂಥದೇ ಸುಂಕದ ಕಟ್ಟೆಗಳಿದ್ದವು. ವಿಕ್ಟೋರಿಯಾ ತನ್ನ ಕಾರ್ಖಾನೆಗಳನ್ನು ಕಾಯಲು ಹೊರಗಿನ ಸರಕಿಗೆ ಹೆಚ್ಚು ಸುಂಕ ಹಾಕುತ್ತಿತ್ತು. ಪಾರ್ಕ್ಸ್‌ನ ಕಡೆಯವರು ಸುಂಕ ಕಡಿಮೆ ಇರಲಿ ಎನ್ನುವವರು. ರೈಲಿನದು ಇನ್ನೊಂದು ಗೋಳು. ನ್ಯೂ ಸೌತ್ ವೇಲ್ಸ್‌ನ ಹಳಿ 1435 ಮಿಲಿಮೀಟರ್, ವಿಕ್ಟೋರಿಯಾದ್ದು 1600, ಕ್ವೀನ್ಸ್‌ಲ್ಯಾಂಡಿನದು 1067. ಮದರಾಸಿನಿಂದ ಬ್ರಾಡ್‌ಗೇಜಿನಲ್ಲಿ ಬಂದವರು ಬೆಂಗಳೂರಿನಲ್ಲಿ ಇಳಿದು ಮೈಸೂರಿಗೆ ಮೀಟರ್‌ಗೇಜ್ ಹತ್ತುತ್ತಿದ್ದ ಹಾಗೆ, ಸಿಡ್ನಿಯಿಂದ ಮೆಲ್ಬರ್ನ್‌ಗೆ ಹೋಗುವವರು ಆಲ್ಬರಿಯಲ್ಲಿ ಗಂಟುಮೂಟೆ ಹೊತ್ತು ಗಾಡಿ ಬದಲಿಸಬೇಕಿತ್ತು. ಸೈನ್ಯಕ್ಕೂ ಅದೇ ಪಾಡು. ಪ್ರತ್ಯೇಕ ಪಡೆಗಳು ಸಾಲವು, ಒಂದಾಗಬೇಕು ಎಂದು ಮೇಜರ್ ಜನರಲ್ ಎಡ್ವರ್ಡ್ಸ್ 1889ರಲ್ಲಿ ವರದಿ ಕೊಟ್ಟ.

ಆ ವರದಿಯನ್ನೇ ಹಿಡಿದು ಪಾರ್ಕ್ಸ್ 1889ರ ಅಕ್ಟೋಬರ್ 24ರಂದು, ಬ್ರಿಸ್ಬೇನಿನಿಂದ ಮರಳುವಾಗ, ಟೆಂಟರ್‌ಫೀಲ್ಡ್ ಎಂಬ ಗಡಿ ಊರಿನಲ್ಲಿ ಮಾತಾಡಿದ: ಎಲ್ಲ ವಸಾಹತುಗಳ ಪ್ರತಿನಿಧಿಗಳು ಕೂತು ಒಂದೇ ಸಂಸತ್ತಿಗೆ ಸಂವಿಧಾನ ಬರೆಯಬೇಕು. 1890ರಲ್ಲಿ ಮೆಲ್ಬರ್ನ್ ಸಭೆ, 1891ರ ಮಾರ್ಚಿನಲ್ಲಿ ಸಿಡ್ನಿಯಲ್ಲಿ ಮಹಾಸಭೆ, ಅಧ್ಯಕ್ಷ ಪಾರ್ಕ್ಸ್. ಕರಡು ಬರೆಯುವುದರಲ್ಲಿ ದೊಡ್ಡ ಕೈ ಕ್ವೀನ್ಸ್‌ಲ್ಯಾಂಡಿನ ಸ್ಯಾಮ್ಯುಯೆಲ್ ಗ್ರಿಫಿತ್‌ನದು. ಹೊಸ ಒಕ್ಕೂಟಕ್ಕೆ ‘ಕಾಮನ್‌ವೆಲ್ತ್’ ಎಂಬ ಹೆಸರು ಸೂಚಿಸಿದ್ದು ಪಾರ್ಕ್ಸ್.

ಆದರೆ ಅದೇ ವರ್ಷದ ಚುನಾವಣೆಯಲ್ಲಿ ಹೊಸ ಕಾರ್ಮಿಕ ಸಂಘಟನೆ 141ರಲ್ಲಿ 35 ಸ್ಥಾನ ಗೆದ್ದಿತು. ಒಟ್ಟಾಗಿ ವೋಟು ಹಾಕುವ ಶಿಸ್ತಿನ ಪಕ್ಷದೆದುರು ಹಳೆಯ ಗುಂಪುಗಾರಿಕೆ ನಡೆಯಲಿಲ್ಲ. ಅಕ್ಟೋಬರಿನಲ್ಲಿ ಪಾರ್ಕ್ಸ್ ಇಳಿದ. ಐದು ಸಲ ಸೇರಿ ಸುಮಾರು 12 ವರ್ಷ ಆಳಿದ್ದವನು 1896ರ ಏಪ್ರಿಲ್ 27ರಂದು ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡ. ಫಾಲ್ಕನ್‌ಬ್ರಿಜ್‌ನಲ್ಲಿ ಕ್ಲಾರಿಂಡಾಳ ಪಕ್ಕ ಮಣ್ಣು ಮಾಡಿದರು. ಒಕ್ಕೂಟ ಆದದ್ದನ್ನು ಅವನು ನೋಡಲಿಲ್ಲ. ಅದರ ಘೋಷಣೆ ನಡೆದದ್ದು, 1888ರಲ್ಲಿ ಅವನದೇ ಸರ್ಕಾರ ತೆರೆದಿದ್ದ ಸೆಂಟೆನಿಯಲ್ ಪಾರ್ಕಿನಲ್ಲಿ.

ಯಾರಿಗೆ ಬಾಗಿಲು, ಯಾರಿಗೆ ಗೋಡೆ

ಈ ಭಾಗವನ್ನು ಬಿಟ್ಟು ಪಾರ್ಕ್ಸ್‌ನ ಬದುಕು ಹೇಳುವುದು ಸರಿಯಲ್ಲ. ಸರ್ಕಾರದ ಹಣದಲ್ಲಿ ಬಂದ ವಲಸಿಗನೇ ಚೀನೀಯರ ವಲಸೆಗೆ ತಡೆ ಹಾಕಿದ. 1881ರ ಕಾನೂನಿನಂತೆ ಬರುವ ಪ್ರತಿ ಚೀನೀಯ 10 ಪೌಂಡ್ ತಲೆತೆರಿಗೆ ಕಟ್ಟಬೇಕು, ಹಡಗಿನ 100 ಟನ್ನಿಗೆ ಒಬ್ಬನೇ ಬರಬೇಕು. 1888ರಲ್ಲಿ ‘ಅಫ್ಘಾನ್’ ಹಡಗು ಬಂದಾಗ ಅದರಲ್ಲಿದ್ದವರನ್ನು ಇಳಿಯಗೊಡಲಿಲ್ಲ. ತಡೆದದ್ದು ಕಾನೂನುಬಾಹಿರ ಎಂದು ವಸಾಹತಿನ ಸುಪ್ರೀಂ ಕೋರ್ಟ್ ಹೇಳಿತು. ಪಾರ್ಕ್ಸ್ ಕಾನೂನನ್ನೇ ಬಿಗಿ ಮಾಡಿದ: ತೆರಿಗೆ 100 ಪೌಂಡ್, 300 ಟನ್ನಿಗೆ ಒಬ್ಬ. ರೀಜೆಂಟ್‌ವಿಲ್‌ನಲ್ಲಿ ಅವನಿಗೇ ಇಂಥ ತೆರಿಗೆ ಇದ್ದಿದ್ದರೆ ನಾಲ್ಕು ವರ್ಷದ ಪೂರ್ತಿ ಸಂಬಳ ಸುರಿಯಬೇಕಿತ್ತು.

ಒಕ್ಕೂಟ ಆದ ವರ್ಷವೇ, 1901ರಲ್ಲಿ, ಹೊಸ ಸಂಸತ್ತು ಇಡೀ ದೇಶಕ್ಕೆ ವಲಸೆ ನಿರ್ಬಂಧದ ಕಾನೂನು ಮಾಡಿತು. ಅಧಿಕಾರಿ ಯಾವುದಾದರೂ ಯುರೋಪಿನ ಭಾಷೆಯಲ್ಲಿ 50 ಪದ ಹೇಳುತ್ತಾನೆ, ಬರೆಯಬೇಕು. ಭಾಷೆಯನ್ನು ಆರಿಸುವವನು ಅಧಿಕಾರಿಯೇ ಆದ್ದರಿಂದ ಬೇಡದವರನ್ನು ಹಿಂದೆ ಕಳಿಸುವುದು ಸುಲಭ. ಚೀನೀಯರ ಜೊತೆ ಭಾರತೀಯರಿಗೂ ಈ ಗೋಡೆ ಅಡ್ಡ ಬಂತು. ಪರೀಕ್ಷೆ ರದ್ದಾದದ್ದು 1958ರಲ್ಲಿ, ಬಣ್ಣ ನೋಡಿ ಆರಿಸುವ ನಿಯಮಗಳ ಕೊನೆಯ ಎಳೆ ಕಡಿದದ್ದು 1973ರಲ್ಲಿ. ಸಿಡ್ನಿಯಲ್ಲಿ ಕನ್ನಡ ಮಾತಾಡುವ ಮನೆಗಳು ಹೆಚ್ಚಿದ್ದು ಅದಾದ ಮೇಲೆ.